ಅಂಚೆಯಲ್ಲಿ ಬರುವ ಬಟ್ಟೆಯ ಗಂಟು: ಕೌದಿ, ಕ್ವಿಲ್ಟ್ ಹೊಲಿಯುವವರು ಅಚ್ಚರಿಯ ವಿನಿಮಯ ನಡೆಸುವ ಬಗೆ

ಬಟ್ಟೆಯ ತುಂಡನ್ನು ಉಡುಗೊರೆಯಾಗಿ ಕೊಡುವುದು ನಮ್ಮ ಮನೆಗಳಲ್ಲಿ ಹೊಸ ಪದ್ಧತಿಯೇನಲ್ಲ. ಅರಿಸಿನ ಕುಂಕುಮಕ್ಕೆ ಬಂದವರಿಗೆ ತಾಂಬೂಲದ ಜೊತೆ ರವಿಕೆ ಕಣ ಕೊಡುತ್ತೇವೆ. ಉತ್ತರ ಕರ್ನಾಟಕದಲ್ಲಿ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆಗೆ ಕುಪ್ಪಸದ ಖಣ ಇರಲೇಬೇಕು. ಆದರೆ ಹೀಗೆ ಬಂದ ಕಣಗಳಲ್ಲಿ ನಿಜವಾಗಿ ಹೊಲಿಗೆ ಕಂಡವು ಎಷ್ಟು ಎಂದು ಲೆಕ್ಕ ಹಾಕಿದರೆ ನಗು ಬರುತ್ತದೆ. ಹೆಚ್ಚಿನವು ಮಡಿಕೆ ಬಿಚ್ಚದೆ ಬೀರುವಿನಲ್ಲಿ ಕುಳಿತು, ಮುಂದಿನ ಸಮಾರಂಭಕ್ಕೆ ಮತ್ತೊಂದು ಮನೆ ಸೇರುತ್ತವೆ. ನಾನೇ ಕೊಟ್ಟಿದ್ದ ಹಸಿರು ಕಣವೊಂದು, ಅಂಗಡಿಯವರು ಅಂಟಿಸಿದ್ದ ಬೆಲೆಚೀಟಿಯ ಸಮೇತ, ಎರಡು ವರ್ಷ ಊರೆಲ್ಲ ಸುತ್ತಿ ನನ್ನ ಮಡಿಲಿಗೇ ಮರಳಿತ್ತು.

ಕೌದಿ ಹೊಲಿಯುವವರು, ಪಾಶ್ಚಾತ್ಯ ಬಗೆಯ ಕೌದಿಯಾದ ಕ್ವಿಲ್ಟ್ ಹೊಲಿಯುವವರು ಅಂಚೆಯ ಮೂಲಕ ಒಬ್ಬರಿಗೊಬ್ಬರು ಬಟ್ಟೆಯ ಗಂಟು ಕಳುಹಿಸಿಕೊಳ್ಳುವಾಗಲೂ ಈ ಅಪಾಯ ಇದ್ದೇ ಇರುತ್ತದೆ. ಅಮೆರಿಕದ ಕ್ವಿಲ್ಟ್ ಪ್ರಿಯರಲ್ಲಿ ಇದು ಬಹಳ ಬಳಕೆಯಲ್ಲಿರುವ ಹವ್ಯಾಸ. ಒತ್ತಿದರೆ ಮೆತ್ತಗೆ ತಗ್ಗುವ ಬಟ್ಟೆ ತುಂಬಿದ ಲಕೋಟೆಗೆ ಅವರು ‘ಸ್ಕ್ವಿಶಿ’ ಎಂದೇ ಹೆಸರಿಟ್ಟುಕೊಂಡಿದ್ದಾರೆ. ನಮ್ಮಲ್ಲಿಯೂ ನಾಲ್ಕಾರು ಊರುಗಳಲ್ಲಿ ಹಂಚಿಹೋಗಿರುವ ಗೆಳತಿಯರು ಇದನ್ನು ಸುಲಭವಾಗಿ ನಡೆಸಬಹುದು. ಬಂದ ಗಂಟಿನಲ್ಲಿ ಏನಿದೆ ಎಂಬುದು ಅಚ್ಚರಿಯಾಗಿರಲಿ. ಎಷ್ಟು ಬಟ್ಟೆ, ಎಂಥ ಬಟ್ಟೆ, ಯಾವ ದಿನದೊಳಗೆ ಎಂಬುದರಲ್ಲಿ ಮಾತ್ರ ಯಾರಿಗೂ ಅಚ್ಚರಿ ಕಾದಿರಬಾರದು. ಕೆಳಗೆ ಹೇಳಿರುವ ಕ್ರಮವೆಲ್ಲ ಇದೊಂದನ್ನು ಸಾಧಿಸುವುದಕ್ಕಾಗಿ.

ಜನ ಮತ್ತು ಒಪ್ಪಂದ

ಮೊದಲ ಸಲ ನಡೆಸುವವರು ಎಂಟರಿಂದ ಹನ್ನೆರಡು ಜನರಿಗೆ ನಿಲ್ಲಿಸುವುದು ಒಳ್ಳೆಯದು. ಅದಕ್ಕಿಂತ ಕಡಿಮೆಯಾದರೆ ಯಾರಿಗೆ ಯಾರು ಕಳುಹಿಸುತ್ತಾರೆಂಬ ಗುಟ್ಟು ಉಳಿಯುವುದಿಲ್ಲ. ಹೆಚ್ಚಾದರೆ ನೆನಪಿಸುತ್ತ ಕೂರುವುದೇ ಸಂಘಟಕಿಯ ಕೆಲಸವಾಗುತ್ತದೆ. ಒಬ್ಬರು ಸಂಘಟಕಿಯಾಗಿರಬೇಕು, ಎಲ್ಲರ ವಿಳಾಸ ಅವರೊಬ್ಬರ ಬಳಿ ಮಾತ್ರ ಇರಬೇಕು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಮನೆ ವಿಳಾಸವನ್ನೂ ಫೋನ್ ಸಂಖ್ಯೆಯನ್ನೂ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಖಂಡಿತ ಮಾಡಬೇಡಿ.

ಒಪ್ಪಂದದಲ್ಲಿ ಬರಹಕ್ಕಿಳಿಯಬೇಕಾದವು ಇಷ್ಟು: ಬಟ್ಟೆಯ ಬಗೆ, ತುಂಡುಗಳ ಸಂಖ್ಯೆ ಮತ್ತು ಅಳತೆ, ಅಂಚೆ ವೆಚ್ಚ ಸೇರಿ ಖರ್ಚಿನ ಮೇಲ್ಮಿತಿ, ಅಂಚೆಗೆ ಹಾಕಲೇಬೇಕಾದ ಕೊನೆಯ ದಿನ. ‘ತಲುಪಬೇಕಾದ ದಿನ’ ಎಂದು ಬರೆಯಬೇಡಿ, ಏಕೆಂದರೆ ತಲುಪುವುದು ಕಳುಹಿಸುವವರ ಕೈಯಲ್ಲಿಲ್ಲ. ಖರ್ಚಿನ ಮಿತಿ ಹಾಕುವಾಗ ಗುಂಪಿನಲ್ಲಿ ಅತಿ ಕಡಿಮೆ ಖರ್ಚು ಮಾಡಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಬ್ಬರು ಶುದ್ಧ ರೇಷ್ಮೆ ಕಳುಹಿಸಿ, ಅವರಿಗೆ ಬಂದ ಗಂಟಿನಲ್ಲಿ ಸಾದಾ ಲೈನಿಂಗ್ ಬಟ್ಟೆ ಸಿಕ್ಕರೆ ಮುಂದಿನ ಸಲ ಇಬ್ಬರೂ ಬರುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಸೇರುವ ಪ್ರತಿಯೊಬ್ಬರಿಂದ ಒಂದು ಪುಟದ ಉತ್ತರ ಪಡೆಯಿರಿ. ಮೆಚ್ಚಿನ ಬಣ್ಣ ಯಾವುದೆಂದು ಎಲ್ಲರೂ ಕೇಳುತ್ತಾರೆ. ಯಾವ ಬಣ್ಣ ಬೇಡವೇ ಬೇಡ ಎಂಬುದು ಅದಕ್ಕಿಂತ ಉಪಯೋಗದ ಪ್ರಶ್ನೆ. ಕಪ್ಪಿನ ವಿಷಯವನ್ನೇ ನೋಡಿ: ಮಗುವಿನ ಕೌದಿಗೆ ಕಪ್ಪು ಸೋಕಿಸದ ಮನೆಗಳಿವೆ, ಉತ್ತರ ಕರ್ನಾಟಕದಲ್ಲಿ ಕಪ್ಪು ಒಡಲಿನ ಚಂದ್ರಕಾಳಿ ಸೀರೆಗಾಗಿ ಹಂಬಲಿಸುವ ಮನೆಗಳೂ ಇವೆ. ಕೈಹೊಲಿಗೆಯೋ ಯಂತ್ರದ ಹೊಲಿಗೆಯೋ ಎಂದು ತಿಳಿದರೆ ಬಟ್ಟೆ ಆರಿಸುವುದು ಸುಲಭ. ಒತ್ತಾಗಿ ನೇಯ್ದ ದಪ್ಪ ಹತ್ತಿಯಲ್ಲಿ ಯಂತ್ರದ ಸೂಜಿ ಸಲೀಸಾಗಿ ಇಳಿಯುತ್ತದೆ, ಮೂರು ನಾಲ್ಕು ಪದರ ಸೇರಿಸಿ ಕೈಯಿಂದ ಹೊಲಿಯುವವರಿಗೆ ಅದೇ ಬಟ್ಟೆ ಬೆರಳು ನೋಯಿಸುತ್ತದೆ. ಸುಗಂಧಕ್ಕೆ ಅಲರ್ಜಿ ಉಂಟೇ, ಮನೆಯಲ್ಲಿ ಬೆಕ್ಕು ನಾಯಿ ಇವೆಯೇ ಎಂಬ ಎರಡು ಸಣ್ಣ ಪ್ರಶ್ನೆಗಳನ್ನೂ ಸೇರಿಸಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಹಳೆಯ ಬಟ್ಟೆಯದು. ಕೌದಿ ಹುಟ್ಟಿದ್ದೇ ಉಟ್ಟು ಸವೆದ ಸೀರೆ, ಧೋತರ, ಅಂಗಿಗಳಿಂದ. ಹಲವು ವರ್ಷ ಒಗೆದು ಮೆತ್ತಗಾದ ಹತ್ತಿ ಸೀರೆಗೆ ಸಮನಾದ ಹೊಸ ಬಟ್ಟೆ ಇಲ್ಲ. ಅದು ಇನ್ನು ಕುಗ್ಗುವುದೂ ಇಲ್ಲ, ಬಣ್ಣ ಬಿಡುವುದೂ ಬಹಳ ಕಡಿಮೆ. ಹಾಗಿದ್ದರೂ ಪರಿಚಯವಿಲ್ಲದವರು ಉಟ್ಟ ಬಟ್ಟೆಯನ್ನು ಮನೆಯೊಳಗೆ ತರಲು, ಅದರಲ್ಲೂ ಬಾಣಂತಿ ಮಗುವಿನ ಹಾಸಿಗೆಗೆ ಬಳಸಲು, ಮನಸ್ಸು ಒಪ್ಪದವರು ಅನೇಕರಿದ್ದಾರೆ. ಇದು ಸರಿಯೇ ತಪ್ಪೇ ಎಂಬ ಚರ್ಚೆಗೆ ವಿನಿಮಯದ ಗುಂಪು ಸ್ಥಳವಲ್ಲ. ‘ಹೊಸದು ಮಾತ್ರ’, ‘ಒಗೆದ ಹಳೆಯದೂ ಆಗಬಹುದು’ ಎಂಬ ಎರಡು ಆಯ್ಕೆ ಕೊಟ್ಟು, ಉತ್ತರವನ್ನು ಗೌರವಿಸಿದರೆ ಸಾಕು. ತೀರಿಕೊಂಡವರ ಸೀರೆಯನ್ನು ಸುಮ್ಮನೆ ಕತ್ತರಿಸಿ ಕಳುಹಿಸುವುದಂತೂ ಬೇಡ. ಅಂಥ ಬಟ್ಟೆಯಿಂದ ತಮ್ಮ ಮನೆಯ ಕೌದಿ ಹೊಲಿದುಕೊಳ್ಳುವುದು ಬೇರೆ ಮಾತು.

ಯಾರಿಗೆ ಯಾರು

ಚೀಟಿ ಎತ್ತುವ ಕ್ರಮ ನೋಡಲು ಚೆನ್ನಾಗಿದ್ದರೂ, ಕೆಲವರ ಕೈಗೆ ಅವರದೇ ಹೆಸರು ಬರುತ್ತದೆ, ಕೆಲವೊಮ್ಮೆ ಇಬ್ಬರು ಪರಸ್ಪರರಿಗೇ ಕಳುಹಿಸುವಂತಾಗಿ ಗುಟ್ಟು ಒಡೆಯುತ್ತದೆ. ಅದರ ಬದಲು ಸಂಘಟಕಿ ಹೆಸರುಗಳನ್ನು ಕಲೆಸಿ ಒಂದು ಹಾಳೆಯ ಮೇಲೆ ವೃತ್ತಾಕಾರವಾಗಿ ಬರೆದುಕೊಳ್ಳಲಿ. ಪ್ರತಿಯೊಬ್ಬರೂ ತಮ್ಮ ಬಲಗಡೆಯ ಹೆಸರಿಗೆ ಕಳುಹಿಸುತ್ತಾರೆ, ಎಡಗಡೆಯವರಿಂದ ಪಡೆಯುತ್ತಾರೆ. ಈ ಸರಪಳಿಯ ಇನ್ನೊಂದು ಅನುಕೂಲವೆಂದರೆ, ನಡುವೆ ಯಾರಾದರೂ ಬಿಟ್ಟುಹೋದರೆ ಅವರ ಹಿಂದಿನವರನ್ನು ಮುಂದಿನವರಿಗೆ ಜೋಡಿಸಿದರಾಯಿತು, ಉಳಿದ ಯಾರ ಜೋಡಿಯೂ ಬದಲಾಗುವುದಿಲ್ಲ. ಬಳಿಕ ಪ್ರತಿಯೊಬ್ಬರಿಗೂ ಪ್ರತ್ಯೇಕ ಸಂದೇಶದಲ್ಲಿ ಒಂದೇ ವಿಳಾಸವನ್ನೂ ಆ ಒಬ್ಬರ ಉತ್ತರಪತ್ರವನ್ನೂ ಕಳುಹಿಸಬೇಕು.

ಬಟ್ಟೆ ಆರಿಸುವುದು, ಪರೀಕ್ಷಿಸುವುದು, ಕತ್ತರಿಸುವುದು

ಈ ಹಂತದಲ್ಲಿ ಅವಸರ ಮಾಡಿದರೆ ಉಳಿದೆಲ್ಲವೂ ವ್ಯರ್ಥ. ಮೊದಲು ಅಳತೆಯ ಮಾತು. ಕ್ವಿಲ್ಟ್ ಹೊಲಿಯುವವರು ‘ಫ್ಯಾಟ್ ಕ್ವಾರ್ಟರ್’ ಎನ್ನುವ ತುಂಡು 18 ಇಂಚು ಉದ್ದ, 22 ಇಂಚು ಅಗಲದ್ದು. ಗಜದ ಲೆಕ್ಕದಲ್ಲಿ ಬಟ್ಟೆ ಮಾರುವ ದೇಶದಲ್ಲಿ, ಅರ್ಧ ಗಜವನ್ನು ಅಗಲದ ನಡುವೆ ಕತ್ತರಿಸಿದಾಗ ಸಿಗುವ ಅಳತೆ ಅದು. ನಮ್ಮ ಅಂಗಡಿಗಳಲ್ಲಿ ಮೀಟರ್ ಲೆಕ್ಕ. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಅರ್ಧ ಮೀಟರ್ ಕೊಂಡು ಅಗಲವನ್ನು ಸರಿಯಾಗಿ ಎರಡು ಮಾಡಿದರೆ ಸುಮಾರು 50 ಸೆಂಟಿಮೀಟರ್‌ಗೆ 56 ಸೆಂಟಿಮೀಟರಿನ ಎರಡು ತುಂಡು ಬರುತ್ತವೆ. ಒಂದನ್ನು ಕಳುಹಿಸಿ, ಇನ್ನೊಂದನ್ನು ನೀವೇ ಇಟ್ಟುಕೊಳ್ಳಬಹುದು. ‘ಕಾಲು ಮೀಟರ್’ ಎಂದಷ್ಟೇ ಕೇಳಿದರೆ ಅಂಗಡಿಯವರು 25 ಸೆಂಟಿಮೀಟರಿನ ಉದ್ದನೆಯ ಪಟ್ಟಿ ಕತ್ತರಿಸಿಕೊಡುತ್ತಾರೆ. ಬಟ್ಟೆಯ ಪ್ರಮಾಣ ಅಷ್ಟೇ ಆದರೂ ದೊಡ್ಡ ಹೂವಿನ ಅಚ್ಚು ಅದರಲ್ಲಿ ಅರ್ಧಕ್ಕೆ ತುಂಡಾಗಿರುತ್ತದೆ.

ಗುಳೇದಗುಡ್ಡದ ಖಣದ ಪನ್ನ ಚಿಕ್ಕದು, 30 ಇಂಚಿನ ಆಸುಪಾಸು. ಅದನ್ನು ಅಡ್ಡಡ್ಡ ಎರಡು ಮಾಡದೆ ಪೂರ್ತಿ ಪನ್ನವನ್ನೇ ಕಳುಹಿಸಿ; ಎರಡೂ ಬದಿಯ ಅಂಚು ಇದ್ದರೇ ಖಣ ಖಣದ ಹಾಗೆ ಕಾಣುವುದು. ಖಣದ ಕತ್ತರಿಸಿದ ಬದಿ ಬೇಗ ಎಳೆ ಬಿಡುತ್ತದೆ, ಆದ್ದರಿಂದ ಕ್ವಿಲ್ಟಿನಲ್ಲಿ ರೂಢಿಯಾಗಿರುವ ಕಾಲು ಇಂಚಿನ ಹೊಲಿಗೆ ಅಂಚು ಅದಕ್ಕೆ ಸಾಲದು. ಅರ್ಧ ಇಂಚು ಬಿಡಬೇಕೆಂದು ಚೀಟಿಯಲ್ಲಿ ಬರೆದರೆ ಪಡೆದವರು ನಿಮ್ಮನ್ನು ನೆನೆಯುತ್ತಾರೆ. ಇಳಕಲ್ ಸೀರೆಯಿಂದ ತುಂಡು ತೆಗೆಯುವವರು ಸೆರಗು ಮತ್ತು ಒಡಲಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿದ ಜಾಗದಲ್ಲಿ ಕತ್ತರಿ ಆಡಿಸಬಾರದು. ಆ ಕೂಡಿಕೆಯೇ ಇಳಕಲ್ಲಿನ ಗುರುತು, ಅದು ಬಿಚ್ಚಿಕೊಂಡರೆ ಸೆರಗು ಬೇರೆ, ಒಡಲು ಬೇರೆ.

ತುಂಡು ಸಣ್ಣದೆಂದು ಸಂಕೋಚಪಡಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯಾದ ಕವಂದಿಯನ್ನು ಮೂಲೆಯಿಂದ ಹೊಲಿಯಲು ತೊಡಗಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ಪದರ ಪದರವಾಗಿ ಮಡಿಚಿ ಮಾಡಿದ ತ್ರಿಕೋನಗಳನ್ನು ಕೂರಿಸುತ್ತಾರೆ. ಹೂವು ಎಂಬ ಅರ್ಥದಲ್ಲಿ ಅವನ್ನು ‘ಫುಲ’ ಎನ್ನುತ್ತಾರೆ, ಅವಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈಯದು. ಅಂಥ ಕೆಲಸಕ್ಕೆ ಅಂಗೈ ಅಗಲದ ಕಡುಗೆಂಪು ಚೂರೊಂದು ಅರ್ಧ ಮೀಟರ್ ಸಾದಾ ಬಟ್ಟೆಗಿಂತ ಹೆಚ್ಚು ಬೆಲೆಯದು. ಹೀಗಾಗಿ ನಿಗದಿಯಾದ ತುಂಡುಗಳ ಜೊತೆಗೆ ಒಂದು ಹಿಡಿ ಚಿಂದಿಯನ್ನು ಬೇರೆ ಪೊಟ್ಟಣದಲ್ಲಿ ಸೇರಿಸುವುದು ನನಗೆ ಇಷ್ಟವಾದ ಕ್ರಮ. ಆದರೆ ಅದು ಹೆಚ್ಚುವರಿಯಾಗಿ ಬರಬೇಕೇ ಹೊರತು ಮುಖ್ಯ ತುಂಡುಗಳ ಬದಲಿಗೆ ಅಲ್ಲ.

ಬಟ್ಟೆ ಶುದ್ಧ ಹತ್ತಿಯೇ ಎಂಬ ಅನುಮಾನ ಬಂದರೆ ಬದಿಯಿಂದ ನಾಲ್ಕು ಎಳೆ ಕಿತ್ತು, ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹೆಚ್ಚಿನ ರವಿಕೆ ಕಣಗಳು ಈ ಪರೀಕ್ಷೆಯಲ್ಲಿ ಗುಂಡಾಗುವ ಜಾತಿಯವು. ಪಾಲಿಯೆಸ್ಟರ್ ತುಂಡು ಹತ್ತಿಯ ನಡುವೆ ಕುಳಿತರೆ ಹತ್ತಿಗೆ ತಕ್ಕ ಇಸ್ತ್ರಿಯ ಬಿಸಿಯನ್ನು ಅದು ತಡೆಯುವುದಿಲ್ಲ, ಒಗೆದಾಗ ಎರಡೂ ಒಂದೇ ರೀತಿ ಕುಗ್ಗುವುದೂ ಇಲ್ಲ. ಬೀರುವಿನ ಕಣಗಳನ್ನು ಖಾಲಿ ಮಾಡುವುದಕ್ಕೆ ಈ ವಿನಿಮಯ ದಾರಿಯಲ್ಲ ಎಂದು ಒಪ್ಪಂದದಲ್ಲಿಯೇ ಬರೆಯಿರಿ, ನಯವಾಗಿಯೇ ಆದರೂ ಬರೆಯಿರಿ.

ಎರಡನೆಯ ಪರೀಕ್ಷೆ ಬಣ್ಣದ್ದು. ಬಿಳಿ ಹತ್ತಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಹೊಸ ಬಟ್ಟೆಯ ಮೇಲೆ ಒತ್ತಿ ಉಜ್ಜಬೇಕು. ಬಳಿಕ ಅದೇ ಬಟ್ಟೆಯ ಸಣ್ಣ ತುಂಡನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತೆಗೆದು ಬಿಳಿ ಬಟ್ಟೆಯ ಮೇಲೆಯೇ ಒಣಗಿಸಬೇಕು. ಕೆಂಪು, ಕಡುನೀಲಿ, ಮರೂನ್ ಬಣ್ಣಗಳ ಮೇಲೆ ವಿಶೇಷ ಗುಮಾನಿ ಇರಲಿ; ನೀಲಿಯಲ್ಲಿ ಅದ್ದಿದ ಅಜ್ರಕ್ ಎಂಬ ಅಚ್ಚಿನ ಬಟ್ಟೆ ಮೊದಲ ಕೆಲವು ಒಗೆತಗಳಲ್ಲಿ ಬಣ್ಣ ಬಿಟ್ಟೇ ಬಿಡುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸವಿದೆ ನಿಜ, ಆದರೆ ಈಗಾಗಲೇ ಬಣ್ಣ ಹಾಕಿ ಮಾರಿದ ಬಟ್ಟೆಯಲ್ಲಿ ಅಂಟದೆ ಉಳಿದ ಬಣ್ಣವನ್ನು ಅದು ಹಿಡಿದಿಡಲಾರದು. ನೀರು ತಿಳಿಯಾಗುವವರೆಗೆ ಒಗೆಯುವುದೊಂದೇ ಉಪಾಯ. ನನಗೆ ಬಂದಿದ್ದ ಚೆಂದದ ಕೆಂಪು ತುಂಡೊಂದನ್ನು ಪರೀಕ್ಷಿಸದೆ ಬಿಳಿ ಮಲ್ ಬಟ್ಟೆಯ ಜೊತೆ ಹೊಲಿದು, ಮೊದಲ ಒಗೆತದಲ್ಲೇ ಇಡೀ ಕೌದಿ ಗುಲಾಬಿಯಾದ ಮೇಲೆ ನಾನು ಈ ವಿಷಯದಲ್ಲಿ ಯಾರ ಮಾತನ್ನೂ ನಂಬುವುದಿಲ್ಲ.

ಹೊಸ ಹತ್ತಿ ಬಟ್ಟೆಯನ್ನು ಒಗೆದು ಕಳುಹಿಸಬೇಕೇ, ಹಾಗೆಯೇ ಕಳುಹಿಸಬೇಕೇ ಎಂಬುದರಲ್ಲಿ ಎರಡು ಪಕ್ಷಗಳಿವೆ. ಹೊಸ ಹತ್ತಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. ಗಂಜಿಯ ಬಿಗಿ ಇದ್ದರೆ ಅಳತೆಗೆ ಸರಿಯಾಗಿ ಕತ್ತರಿಸಲು ಸುಲಭವೆಂದು ಒಗೆಯದ ಬಟ್ಟೆಯನ್ನೇ ಬಯಸುವವರೂ ಇದ್ದಾರೆ. ನಾನು ಒಗೆಯುವ ಪಕ್ಷದವಳು, ಆದರೆ ಒಗೆದ ಮೇಲೆ ಅಳತೆ ಕಡಿಮೆಯಾಗದಂತೆ ಅಂಗಡಿಯಲ್ಲಿಯೇ ಮೂರು ಇಂಚು ಹೆಚ್ಚು ಕೊಳ್ಳುತ್ತೇನೆ. ನೀವು ಏನೇ ಮಾಡಿದರೂ ‘ಒಗೆದಿದೆ’ ಅಥವಾ ‘ಒಗೆದಿಲ್ಲ’ ಎಂದು ಪ್ರತಿ ತುಂಡಿನ ಮೇಲೂ ಚೀಟಿ ಇರಲಿ.

ಗಂಟು ಕಟ್ಟುವುದು

ಇಸ್ತ್ರಿ ಮಾಡಿದ ತುಂಡುಗಳನ್ನು ಒಂದೇ ಅಗಲಕ್ಕೆ ಮಡಿಚಿ, ಒಂದರ ಮೇಲೊಂದಿಟ್ಟು, ಅವೇ ಬಟ್ಟೆಗಳ ಬದಿಯಿಂದ ಹರಿದ ಪಟ್ಟಿಯಿಂದ ಕಟ್ಟಿ. ಗುಂಡುಸೂಜಿ ಚುಚ್ಚಬೇಡಿ, ದಾರಿಯಲ್ಲಿ ತುಕ್ಕು ಹಿಡಿದರೆ ಕಲೆ ಹೋಗುವುದಿಲ್ಲ, ಬಿಚ್ಚುವವರ ಬೆರಳಿಗೂ ಚುಚ್ಚುತ್ತದೆ. ನುಸಿಗುಳಿಗೆ, ಅತ್ತರು, ಊದುಬತ್ತಿ ಯಾವುದೂ ಬೇಡ. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿದ ಮೇಲೆಯೇ ಲಕೋಟೆಗೆ ಸೇರಿಸಬೇಕು. ಒದ್ದೆಯಾದ ಒಂದು ಕಡುನೀಲಿ ತುಂಡು ಇಡೀ ಗಂಟನ್ನು ಕೆಡಿಸಬಲ್ಲದು.

ಹಿಂದೆ ಪಾರ್ಸಲ್ಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಬ್ಬಣದಿಂದ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದರು. ಈಗ ಅದು ಅಗತ್ಯವಿಲ್ಲವಾದರೂ ಕೌದಿಯವರಿಗೆ ಆ ಹೊದಿಕೆಯೂ ಒಂದು ತುಂಡೇ ಅಲ್ಲವೇ; ಉತ್ಸಾಹ ಇರುವವರು ಹಾಗೆಯೇ ಕಳುಹಿಸಬಹುದು, ವಿಳಾಸವನ್ನು ಮಾತ್ರ ನೀರಿಗೆ ಅಳಿಯದ ಶಾಯಿಯಲ್ಲಿ ಬರೆಯಬೇಕು.

ಒಳಗಿಡುವ ಕಾಗದದಲ್ಲಿ ಪ್ರತಿ ಬಟ್ಟೆಯ ಹೆಸರು, ಎಲ್ಲಿಂದ ಬಂದದ್ದು, ಹತ್ತಿಯೇ ಮಿಶ್ರಣವೇ, ಬಣ್ಣದ ಪರೀಕ್ಷೆಯ ಫಲ ಇವನ್ನು ಬರೆಯಿರಿ. ಅದರ ಕೆಳಗೆ ನಾಲ್ಕು ಸಾಲು ನಿಮ್ಮ ಮಾತು ಇರಲಿ: ಈ ಚೌಕಳಿ ನಮ್ಮ ಅಜ್ಜನ ಲುಂಗಿಯದು, ಈ ಪಟ್ಟಿ ಮಗಳ ಮೊದಲ ಶಾಲಾ ಲಂಗದ್ದು ಎಂಬಂಥ ಸಂಗತಿಗಳು. ಅಂಗಡಿಯಿಂದ ಕೊಂಡ ಬಟ್ಟೆಯಾದರೆ ಕಥೆ ಕಟ್ಟುವ ಅಗತ್ಯವಿಲ್ಲ.

ಅಂಚೆ ಕಚೇರಿಯಲ್ಲಿ

50 ಸೆಂಟಿಮೀಟರ್‌ಗೆ 56 ಸೆಂಟಿಮೀಟರಿನ ಹತ್ತಿ ತುಂಡೊಂದು, ಬಟ್ಟೆಯ ದಪ್ಪಕ್ಕೆ ತಕ್ಕಂತೆ, 30ರಿಂದ 40 ಗ್ರಾಂ ತೂಗುತ್ತದೆ. ಆರು ತುಂಡು, ಕಾಗದ, ಲಕೋಟೆ ಎಲ್ಲ ಸೇರಿದರೂ 300 ಗ್ರಾಂ ಒಳಗೇ ನಿಲ್ಲುತ್ತದೆ. ಸ್ಪೀಡ್ ಪೋಸ್ಟ್ ದರ ತೂಕದ ಹಂತ ಮತ್ತು ದೂರದ ಮೇಲೆ ನಿಲ್ಲುವುದರಿಂದ 500 ಗ್ರಾಂ ಗಡಿಯನ್ನು ದಾಟದಂತೆ ಅಡುಗೆಮನೆಯ ತಕ್ಕಡಿಯಲ್ಲಿಯೇ ತೂಗಿಕೊಂಡು ಹೋಗಿ. ನೋಂದಾಯಿತ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಲಾಗಿದೆ. ಹಿಂದಿನ ನೆನಪಿನಲ್ಲಿ ‘ರಿಜಿಸ್ಟರ್ ಮಾಡಿ’ ಎಂದು ಕೇಳುವವರು ಇದನ್ನು ತಿಳಿದಿರಬೇಕು.

ಬಲಗಡೆ ಪಡೆಯುವವರ ವಿಳಾಸ, ಎಡಗಡೆ ಕೆಳಗೆ ನಿಮ್ಮದು, ಎರಡಕ್ಕೂ ಆರಂಕಿಯ ಪಿನ್ ಮತ್ತು ಫೋನ್ ಸಂಖ್ಯೆ. ಕರ್ನಾಟಕದ ಪಿನ್‌ಗಳು 56ರಿಂದ 59ರ ಒಳಗಿನ ಅಂಕಿಗಳಿಂದ ಶುರುವಾಗುತ್ತವೆ, ಬೇರೆ ಅಂಕಿ ಕಂಡರೆ ಬರೆದುಕೊಳ್ಳುವಾಗಲೇ ತಪ್ಪಾಗಿದೆಯೇ ಎಂದು ನೋಡಿ. ಕಳುಹಿಸಿದವರ ಹೆಸರು ಹೊರಗೆ ಕಂಡರೆ ಅಚ್ಚರಿ ಹೋಯಿತಲ್ಲ ಎಂದು ಕೆಲವರು ಅದನ್ನು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ, ಮನೆ ಬೀಗ ಹಾಕಿದ್ದರೆ ಗಂಟು ಮರಳಿ ಬರಲು ಅದೊಂದೇ ದಾರಿ. ರಸೀದಿಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆ ಎರಡು ಅಕ್ಷರಗಳ ಸಂಖ್ಯೆ ಇರುತ್ತದೆ. ಅದರ ಚಿತ್ರ ತೆಗೆದು ಸಂಘಟಕಿಗೆ ಕಳುಹಿಸಿ, ಪಡೆಯುವವರಿಗಲ್ಲ. ಗಂಟಿನ ಪ್ರಯಾಣವನ್ನು ಅವರು ಹಿಂಬಾಲಿಸತೊಡಗಿದರೆ ಎಲ್ಲಿಂದ ಹೊರಟಿತು ಎಂಬುದು ಮೊದಲೇ ತಿಳಿದುಬಿಡುತ್ತದೆ.

ದೇಶದ ಹೊರಗಿನ ಗೆಳತಿಯರು

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡದ ಗೆಳತಿಯರನ್ನು ಸೇರಿಸಿಕೊಳ್ಳುವ ಆಸೆ ಸಹಜ. ಆದರೆ ಮೊದಲ ಸಲಕ್ಕೆ ಬೇಡ ಎಂಬುದು ನನ್ನ ಸಲಹೆ. ವಿದೇಶದಿಂದ ಉಡುಗೊರೆ ಎಂದು ಸುಂಕವಿಲ್ಲದೆ ತರಿಸುವ ಅವಕಾಶವನ್ನು ಭಾರತ 2019ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದೆ. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ಅಮೆರಿಕ ಕೂಡ 800 ಡಾಲರ್ ಒಳಗಿನ ಸರಕಿಗೆ ಇದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿತು, ಆ ದಿನಗಳಲ್ಲಿ ಭಾರತದಿಂದ ಅಲ್ಲಿಗೆ ಹೋಗುವ ಅಂಚೆ ಸೇವೆಯೇ ಕೆಲವು ವಾರ ನಿಂತಿತ್ತು. ಹೀಗಿರುವಾಗ ಕಳುಹಿಸುವ ಮುನ್ನ ಆ ದೇಶದ ಸದ್ಯದ ನಿಯಮವನ್ನು ಅಂಚೆ ಕಚೇರಿಯಲ್ಲಿ ವಿಚಾರಿಸಲೇಬೇಕು. ಸುಂಕದ ಘೋಷಣಾಪತ್ರದಲ್ಲಿ ‘ಹತ್ತಿ ಬಟ್ಟೆಯ ತುಂಡುಗಳು’ ಎಂದು ಸ್ಪಷ್ಟವಾಗಿ, ನಿಜವಾದ ಬೆಲೆಯೊಂದಿಗೆ ಬರೆಯಬೇಕು. ಅಲ್ಲಿಯವರು ಅಲ್ಲಿಯವರೊಳಗೆ ಸರಪಳಿ ಮಾಡಿಕೊಂಡು, ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಒಂದೆರಡು ಖಣ ತರಿಸಿಕೊಳ್ಳುವುದೇ ಸದ್ಯಕ್ಕೆ ಸುಲಭ.

ತಲುಪಿದ ಮೇಲೆ, ತಲುಪದಿದ್ದರೆ

ಗಂಟು ಬಂದ ಎರಡು ದಿನದೊಳಗೆ ‘ತಲುಪಿತು’ ಎಂಬ ಮಾತನ್ನು ಸಂಘಟಕಿಗೆ ತಿಳಿಸಬೇಕು. ಬಿಚ್ಚಿದ ಚಿತ್ರಗಳನ್ನು ಎಲ್ಲರ ಗಂಟೂ ತಲುಪಿದ ಮೇಲೆ ಹಂಚಿಕೊಂಡರೆ ಇನ್ನೂ ಕಾಯುತ್ತಿರುವವರಿಗೆ ಬೇಸರವಾಗುವುದಿಲ್ಲ. ಮನಸ್ಸಿಗೆ ಹಿಡಿಸದ ತುಂಡು ಬಂದರೂ ಅದನ್ನು ಗುಂಪಿನಲ್ಲಿ ಹೇಳುವುದು ಬೇಡ. ಬಟ್ಟೆ ಹರಿದಿದ್ದರೆ, ಒಪ್ಪಿದ ಅಳತೆಗಿಂತ ಚಿಕ್ಕದಿದ್ದರೆ ಮಾತ್ರ ಸಂಘಟಕಿಗೆ ಒಬ್ಬರಿಗೇ ತಿಳಿಸಿ.

ಕೊನೆಯ ದಿನ ಕಳೆದೂ ರಸೀದಿಯ ಚಿತ್ರ ಬಾರದಿದ್ದರೆ ಸಂಘಟಕಿ ಮೊದಲು ಫೋನ್ ಮಾಡಲಿ. ಹತ್ತರಲ್ಲಿ ಎಂಟು ಸಲ ಮನೆಯಲ್ಲಿ ಕಾಯಿಲೆಯೋ ಮಕ್ಕಳ ಪರೀಕ್ಷೆಯೋ ಇರುತ್ತದೆ. ಇನ್ನೊಂದು ವಾರ ಕಾದರೂ ಆಗದಿದ್ದರೆ, ಪಡೆಯಬೇಕಾದವರಿಗೆ ಆಪದ್ಧನದ ಗಂಟು ಹೋಗಬೇಕು. ಇದಕ್ಕಾಗಿ ಶುರುವಿನಲ್ಲೇ ಪ್ರತಿಯೊಬ್ಬರಿಂದ ಒಂದೊಂದು ಹೆಚ್ಚಿನ ತುಂಡು ಪಡೆದು ಎರಡು ಗಂಟು ಕಟ್ಟಿಟ್ಟಿರಬೇಕು. ನಾನು ನಡೆಸಿದ ಮೊದಲ ಸುತ್ತಿನಲ್ಲಿ ಈ ಏರ್ಪಾಡು ಇರಲಿಲ್ಲ. ಒಬ್ಬ ಹಿರಿಯರು ಮೂರು ತಿಂಗಳು ಪ್ರತಿದಿನ ಅಂಚೆಯಣ್ಣನನ್ನು ಕೇಳುತ್ತಿದ್ದರೆಂದು ಆಮೇಲೆ ತಿಳಿಯಿತು, ನನ್ನನ್ನು ಮಾತ್ರ ಅವರು ಒಮ್ಮೆಯೂ ಕೇಳಿರಲಿಲ್ಲ. ಆ ಗಂಟನ್ನು ನಾನೇ ಕಟ್ಟಿ, ಕೆಎಸ್ಆರ್‌ಟಿಸಿ ಬಸ್ಸು ಹತ್ತಿ ಹೋಗಿ ಕೊಟ್ಟುಬಂದೆ.

ಸುತ್ತು ಮುಗಿದ ಮೇಲೆ ಸರಪಳಿಯ ಹಾಳೆಯನ್ನು ಇಟ್ಟುಕೊಳ್ಳಿ, ಮುಂದಿನ ಸಲ ಅದೇ ಜೋಡಿ ಮರುಕಳಿಸದಂತೆ ನೋಡಲು ಬೇಕಾಗುತ್ತದೆ. ವಿಳಾಸಗಳನ್ನು ಫೋನಿನಿಂದ ಅಳಿಸಿಹಾಕಿ, ಉಳಿದ ಆಪದ್ಧನದ ಗಂಟನ್ನು ಬಿಚ್ಚದೆ ಮುಂದಿನ ಸುತ್ತಿಗೆ ತೆಗೆದಿಡಿ.